ಎಂಟು ಗಂಟೆಯವರೆಗೆ

ಗಂಡ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡದ್ದೇ ತಡ, ಇಸ್ತ್ರಿಯಕ್ಕ ತರಕಾರಿ ಹೆಚ್ಚುವ ಚಾಕು ತೆಗೆದುಕೊಂಡು ಟೇಬಲ್ ಫ್ಯಾನಿನ ಮುಂದೆ ಕೂತಳು. ಅತ್ತೆ ಬಾಗಿಲ ಬಳಿ ಕಾವಲು ನಿಂತರು. ಬಚ್ಚಲಲ್ಲಿ ನೀರಿನ ಸದ್ದು ಇರುವಷ್ಟು ಹೊತ್ತಿನಲ್ಲೇ ಕೆಲಸ ಮುಗಿಯಬೇಕು. ಫ್ಯಾನಿನ ತಳದ ಮುಚ್ಚಳ ಬಿಚ್ಚಿ, ಒಳಗಿನ ಒಂದು ವೈರು ಕತ್ತರಿಸಿ, ಮುಚ್ಚಳವನ್ನು ಮೊದಲಿನಂತೆಯೇ ಕೂರಿಸಿ ಎದ್ದಾಗ ಅವಳ ಬೆನ್ನೆಲ್ಲ ಬೆವೆತಿತ್ತು.

“ಆಯ್ತೇನೇ?” ಅತ್ತೆ ಪಿಸುಗುಟ್ಟಿದರು.

“ಆಯ್ತು. ನಿನ್ನೆ ಮಿಕ್ಸಿ, ಇವತ್ತು ಫ್ಯಾನು. ನಾಳೆಗೇನು ಅಂತ ನೀವೇ ಯೋಚನೆ ಮಾಡಿ ಅತ್ತೆ.”

“ನಾಳೆಗೆ ನನ್ನ ಸೊಂಟನೇ ಮುರ್ಕೋತೀನಿ ಬಿಡು. ಅದನ್ನ ರಿಪೇರಿ ಮಾಡ್ತಾ ಕೂತಿರಲಿ.”

ಇಬ್ಬರಿಗೂ ನಗು ಬಂತು. ಆದರೆ ನಗುವ ವಿಷಯ ಅದಾಗಿರಲಿಲ್ಲ. ಇಸ್ತ್ರಿಯಕ್ಕ ಹಗಲೆಲ್ಲ ಲಾಂಡ್ರಿಯಲ್ಲಿ ನಿಂತು ಬೇರೆಯವರ ಬಟ್ಟೆಗೆ ಇಸ್ತ್ರಿ ಹಾಕುವವಳು. ಗಂಡ ಕೆಟ್ಟ ಫ್ಯಾನು, ಮಿಕ್ಸಿ, ರೇಡಿಯೋಗಳನ್ನು ಸರಿ ಮಾಡುವ ಅಂಗಡಿ ಇಟ್ಟಿದ್ದ. ಊರವರ ಬಾಯಲ್ಲಿ ರಿಪೇರಿಯಣ್ಣ. ಕೆಟ್ಟ ಸಾಮಾನು ಕಣ್ಣಿಗೆ ಬಿದ್ದರೆ ಅವನಿಗೆ ಅನ್ನ ನೀರು ಬೇಡ, ಬಿಚ್ಚಿ ಹರಡಿಕೊಂಡು ಕೂತುಬಿಡುತ್ತಿದ್ದ. ಅವನ ಈ ಚಟವನ್ನು ಇನ್ನೊಂದು ಚಟದ ಮೇಲೆ ಛೂ ಬಿಡುವ ಉಪಾಯ ಅತ್ತೆಗೆ ಹೊಳೆದದ್ದು. ಸಂಜೆ ಆರೂವರೆಗೆ ಮನೆಗೆ ಬಂದವನನ್ನು ಎಂಟು ಗಂಟೆಯವರೆಗೆ ಹೇಗಾದರೂ ಹಿಡಿದು ಕೂರಿಸಿದರೆ ಸಾಕು, ಎಂಟಕ್ಕೆ ಬೀದಿ ತುದಿಯ ಬ್ರಾಂದಿ ಅಂಗಡಿ ಮುಚ್ಚುತ್ತದೆ. ಕೆಲವು ದಿನ ಈ ಉಪಾಯ ನಡೆಯುತ್ತಿತ್ತು. ನಡೆಯದ ದಿನವೂ ಅವನು ಒಂದು ಸುತ್ತು ಕುಡಿದು ಬಂದು ಮಲಗುತ್ತಿದ್ದನೇ ಹೊರತು ಎರಡನೆಯ ಸುತ್ತಿಗೆ ಅವಕಾಶವಿರಲಿಲ್ಲ.

ಅಂಗಡಿ ಹನ್ನೊಂದರವರೆಗೆ ತೆರೆದಿರುತ್ತಿದ್ದ ಕಾಲವನ್ನು ನೆನೆದರೆ ಈಗಲೂ ಅವನು ತಿರುಚಿದ್ದ ಅವಳ ಎಡಗೈ ಮಣಿಕಟ್ಟು ನೋಯುತ್ತದೆ. ಆಗ ಅವನು ಒಮ್ಮೆ ಕುಡಿದು ಬಂದು, ಉಂಡು, ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದ. ಮೊದಲ ಸಲ ಮನೆಗೆ ಬರುತ್ತಿದ್ದವನು ಗಂಡ. ಎರಡನೆಯ ಸಲ ಬರುತ್ತಿದ್ದವನು ಯಾರೋ ಏನೋ. ಹಾಗೆಂದು ಬಾಟಲಿ ತಂದು ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ದಿನವೂ ‘ಇವತ್ತು ಒಂದೇ’ ಎಂದು ತನಗೆ ತಾನೇ ಹೇಳಿಕೊಂಡು ಹೊರಡುವ ಮನುಷ್ಯ, ಎರಡನೆಯದನ್ನು ಮುಂಚೆಯೇ ಕೊಂಡಿಡುವುದಾದರೂ ಹೇಗೆ?

ಅಂಥದ್ದೇ ಒಂದು ರಾತ್ರಿ, ಅದೇ ಅಂಗಡಿಯ ಮುಂದೆ, ಕಟಿಂಗ್ ಅಂಗಡಿಯವನನ್ನು ಅವನ ಗೆಳೆಯ ಡ್ರೈವರ್ ಚಾಕುವಿನಿಂದ ಇರಿದಿದ್ದ. ಚಡ್ಡಿ ಹಾಕುವ ವಯಸ್ಸಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ಜಗಳ ಬೆಂಚಿನ ಮೇಲೆ ಯಾರು ಕೂರಬೇಕು ಎಂಬುದಕ್ಕೆ. ಒಬ್ಬ ಮಣ್ಣಿಗೆ ಹೋದ, ಇನ್ನೊಬ್ಬ ಜೈಲಿಗೆ. ಇಬ್ಬರ ಹೆಂಡಿರೂ ಈಗ ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ ನಿಲ್ಲುತ್ತಾರೆ. ಆ ಸಾವಿನ ನಂತರವೇ ನಗರಸಭೆಯವರು ಆರು ತಿಂಗಳ ಮಟ್ಟಿಗೆ ನೋಡೋಣ ಎಂದು ಅಂಗಡಿಯನ್ನು ಎಂಟಕ್ಕೆ ಮುಚ್ಚಿಸಿದ್ದು.

ಆ ಆರು ತಿಂಗಳು ಈಗ ಮುಗಿಯುತ್ತ ಬಂದಿತ್ತು. ಭಾನುವಾರ ವಾರ್ಡ್ ಕಚೇರಿಯಲ್ಲಿ ಸಭೆ. ಮತ್ತೆ ಹನ್ನೊಂದು ಮಾಡಿಸಬೇಕೆಂದು ಅಂಗಡಿಯ ಸಾಹುಕಾರ ಓಡಾಡುತ್ತಿದ್ದ. ಗಿರಾಕಿಗಳ ಪರವಾಗಿ ನಾಲ್ಕು ಮಾತಾಡಲು ಅವನು ಒಪ್ಪಿಸಿದ್ದು ಬೇರೆ ಯಾರನ್ನೂ ಅಲ್ಲ, ರಿಪೇರಿಯಣ್ಣನನ್ನೇ.

ಅವನು ತಲೆ ಒರೆಸಿಕೊಳ್ಳುತ್ತ ಬಚ್ಚಲಿನಿಂದ ಬಂದು ಫ್ಯಾನಿನ ಸ್ವಿಚ್ ಒತ್ತಿದ. ತಿರುಗಲಿಲ್ಲ. “ಏನಾಯ್ತು ಈ ಹಾಳಾದ್ದಕ್ಕೆ,” ಎಂದು ಗೊಣಗುತ್ತ ಸ್ಕ್ರೂಡ್ರೈವರ್ ತಂದು ಕೂತ. ಅತ್ತೆ ಸೊಸೆ ಅಡುಗೆಮನೆಯಲ್ಲಿ ಕಣ್ಣಲ್ಲೇ ಮಾತಾಡಿಕೊಂಡರು. ಆದರೆ ಅವತ್ತು ಮುಚ್ಚಳ ಬಿಚ್ಚಿದವನು ವೈರಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದ.

“ಇದು ಸುಟ್ಟಿದ್ದಲ್ಲ. ಇಲಿ ಕಡಿದಿದ್ದೂ ಅಲ್ಲ,” ಎಂದ. “ನಿನ್ನೆ ಮಿಕ್ಸಿ, ಮೊನ್ನೆ ರೇಡಿಯೋ, ಅದಕ್ಕೂ ಮುಂಚೆ ಇಸ್ತ್ರಿಪೆಟ್ಟಿಗೆ. ಎಷ್ಟು ದಿನದಿಂದ ನಡೀತಿದೆ ಇದು?”

“ನಾನೇ ಕಣಪ್ಪಾ ಕತ್ತರಿಸಿದ್ದು,” ಎಂದರು ಅತ್ತೆ.

“ಸುಮ್ನಿರಮ್ಮಾ. ಸ್ಕ್ರೂ ಯಾವ ಕಡೆ ತಿರುಗುತ್ತೆ ಅಂತಾನೂ ಗೊತ್ತಿಲ್ಲ ನಿನಗೆ.”

“ನಾನು ಮಾಡಿದ್ದು,” ಎಂದಳು ಇಸ್ತ್ರಿಯಕ್ಕ.

ಅವನು ಎದ್ದು ನಿಂತ. ಅವಳು ಅಭ್ಯಾಸಬಲದಿಂದ ಗೋಡೆಗೆ ಸರಿದಳು. ಅದನ್ನು ಅವನೂ ನೋಡಿದ.

“ಕಟ್ಟಿಹಾಕೋಕೆ ನಾನೇನು ನಾಯಿನಾ? ಬೆಳಗ್ಗೆಯಿಂದ ಕತ್ತು ಬಗ್ಗಿಸ್ಕೊಂಡು ದುಡೀತೀನಿ. ಸಂಜೆ ನನ್ನ ದುಡ್ಡಲ್ಲಿ ಒಂದು ಲೋಟ ಕುಡಿದ್ರೆ ಯಾರಪ್ಪನ ಗಂಟು ಹೋಗುತ್ತೆ? ಎಲ್ಲಾರೂ ಸೇರ್ಕೊಂಡು ಹೊತ್ತು ಗೊತ್ತು ಮಾಡೋಕೆ ನಾನೇನು ಸ್ಕೂಲ್ ಹುಡುಗನಾ?”

“ಕುಡೀಬೇಡಿ ಅಂತ ಹೇಳೋ ಧೈರ್ಯ ನನಗೆ ಯಾವತ್ತೋ ಹೋಯ್ತು ರೀ. ಒಂದಕ್ಕೇ ನಿಲ್ಲಿಸಿ, ನೀವಾಗೇ ಎದ್ದು ಬಂದ ದಿನ ಒಂದಿದ್ರೆ ಹೇಳಿ. ನಾಳೆಯಿಂದ ಚಾಕು ಮುಟ್ಟಲ್ಲ.”

ಅವನು ಅಂಗಿ ಹಾಕಿಕೊಂಡು ಹೋದ. ಎಂಟು ದಾಟಿದ ಮೇಲೆ ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಹೊಡೆಯಲಿಲ್ಲ. ಅಂಗಡಿ ಮುಚ್ಚಿದ್ದರಿಂದ ತಾನು ಉಳಿದೆ, ಅವನು ಒಳ್ಳೆಯವನಾದದ್ದರಿಂದಲ್ಲ ಎಂದು ಅವಳಿಗೆ ಗೊತ್ತಿತ್ತು. ಉಪಾಯ ಬಯಲಾಗಿತ್ತು, ಇನ್ನು ಏನು ಕೆಡಿಸಿಯೂ ಪ್ರಯೋಜನವಿರಲಿಲ್ಲ. ಭಾನುವಾರದ ಸಭೆ ಅವನ ಮಾತು ಕೇಳಿ ಹನ್ನೊಂದು ಎಂದುಬಿಟ್ಟರೆ ತನ್ನ ಕಥೆ ಮುಗಿಯಿತು ಎಂದು ಅವಳಿಗೆ ಖಂಡಿತವಾಗಿ ಅನ್ನಿಸಿತು. ಅಳು ಕೂಡ ಬರಲಿಲ್ಲ.

ಬೆಳಿಗ್ಗೆ ಹಾಲು ಕಾಯಿಸುತ್ತ, “ಸಭೇಲಿ ನಾನೂ ಮಾತಾಡ್ತೀನಿ ಅತ್ತೆ,” ಎಂದಳು.

ಅತ್ತೆಯ ಮುಖ ಬಿಳಿಚಿಕೊಂಡಿತು. “ನಾಲ್ಕು ಜನರ ಮುಂದೆ ಗಂಡನ ಮಾನ ತೆಗೀತೀಯೇನೇ?”

“ಕಟಿಂಗ್ ಅಂಗಡಿಯವನ ಹೆಂಡ್ತಿ ಬಾಯಿ ಮುಚ್ಕೊಂಡು ಗಂಡನ ಮಾನ ಕಾಪಾಡಿದ್ಲು ಅತ್ತೆ. ಈಗ ಮಾನ ಇದೆ, ಗಂಡ ಇಲ್ಲ.”

ಭಾನುವಾರ ಸಂಜೆ ಅತ್ತೆಯೇ ಸೊಸೆಗಿಂತ ಮೊದಲು ಸೀರೆ ಉಟ್ಟು ತಯಾರಾಗಿ ಕೂತಿದ್ದರು.

ವಾರ್ಡ್ ಕಚೇರಿಯ ಹಾಲ್ ತುಂಬಿತ್ತು. ಮೊದಲು ಸಾಹುಕಾರ ಎದ್ದ. ಕೆಟ್ಟ ಮನುಷ್ಯನೇನಲ್ಲ, ಮಾತೂ ಒರಟಲ್ಲ. “ನಾನು ಯಾರ ಬಾಯಿಗೂ ಸುರಿದಿಲ್ಲ. ಕುಡಿಯೋರು ಕುಡೀತಾರೆ. ಇಲ್ಲಿ ಮುಚ್ಚಿದ್ರೆ ಇನ್ನೊಂದು ಬೀದಿಗೆ ಹೋಗ್ತಾರೆ. ಈ ಎಂಟು ಗಂಟೆ ದೆಸೆಯಿಂದ ಇಬ್ಬರನ್ನ ಕೆಲಸ ಬಿಡಿಸಬೇಕಾಯ್ತು. ಅವರ ಮನೇಲೂ ಒಲೆ ಉರೀಬೇಕಲ್ವಾ?” ಎಂದ. ಹಲವರು ತಲೆಯಾಡಿಸಿದರು.

ಆಮೇಲೆ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಎದ್ದರು. “ಮುಂಚೆ ರಾತ್ರಿ ಪಾಳಿ ಅಂದ್ರೆ ಹೊಲಿಗೆ ಹಾಕಿ ಹಾಕಿ ನನ್ನ ಬೆರಳು ಮರಗಟ್ಟುತ್ತಿತ್ತು. ಈಗ ಕೂತು ಊಟ ಮಾಡ್ತೀನಿ. ಈ ಆರು ತಿಂಗಳಲ್ಲಿ ಈ ಬೀದಿಯಿಂದ ಇರಿತಕ್ಕೋ ಹೊಡೆತಕ್ಕೋ ಸತ್ತು ಬಂದವರು ಒಬ್ಬರೂ ಇಲ್ಲ. ಬೇರೆ ಬೀದಿಗೆ ಹೋಗಿ ಸತ್ತಿದ್ರೂ ನಮ್ಮ ಆಸ್ಪತ್ರೆಗೇ ಬರಬೇಕಿತ್ತು.”

“ಕಾಕತಾಳೀಯ,” ಎಂದ ಸಾಹುಕಾರ.

“ಇರಬಹುದು ಸ್ವಾಮಿ. ಅದೇ ಕಾಕತಾಳೀಯ ಇನ್ನೂ ಸ್ವಲ್ಪ ದಿನ ಇರಲಿ ಅಂತ ಕೇಳ್ಕೊಳ್ತಿದೀನಿ.”

ನಗುವಿನ ನಡುವೆ ಇಸ್ತ್ರಿಯಕ್ಕ ಎದ್ದು ನಿಂತಳು. ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಮುಂದಿನ ಸಾಲಿನಲ್ಲಿದ್ದ ಗಂಡನ ಬೆನ್ನು ನೆಟ್ಟಗಾದದ್ದು ಮಾತ್ರ ಕಂಡಿತು.

“ನಾನು ಮನೇಲಿ ದಿನಾ ಒಂದೊಂದು ಸಾಮಾನು ಕೆಡಿಸ್ತೀನಿ,” ಎಂದಳು. “ರಿಪೇರಿ ಮಾಡ್ತಾ ಕೂತ್ರೆ ಅವರು ಅಂಗಡಿಗೆ ಹೋಗಲ್ಲ ಅಂತ. ಎಂಟರವರೆಗೆ ಹೇಗೋ ಹಿಡ್ಕೋಬಹುದು ಸ್ವಾಮಿ. ಹನ್ನೊಂದರವರೆಗೆ ಹಿಡಿಯೋಕೆ ನನ್ನ ಮನೇಲಿ ಅಷ್ಟು ಸಾಮಾನಿಲ್ಲ.”

ಹಾಲ್ ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ, ಕೂರಲೂ ಇಲ್ಲ. ನಗು ತಾನಾಗಿಯೇ ಕರಗಿತು. ಹಿಂದಿನ ಸಾಲಿನಲ್ಲಿ ಡ್ರೈವರನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ರಿಪೇರಿಯಣ್ಣಾ, ಈಗ ನೀವು ಹೇಳಿ,” ಎಂದ ಸಾಹುಕಾರ, ಮಾತು ತನ್ನ ಕಡೆ ತಿರುಗಿಸಿಕೊಳ್ಳಲು.

ಅವನು ಎದ್ದ. ಹೆಂಡತಿಯ ಕಡೆ ತಿರುಗಿ ನೋಡಲಿಲ್ಲ. ಮನೆಗೆ ಹೋದ ಮೇಲೆ ಇವನ ಕೈಯಿಂದ ತನ್ನನ್ನು ಯಾರು ಕಾಪಾಡುತ್ತಾರೆ ಎಂದು ಅವಳು ಯೋಚಿಸಿದಳು.

“ಸಾಹುಕಾರರು ಹೇಳಿದ್ದು ಸುಳ್ಳಲ್ಲ, ಕುಡಿಯೋನು ಕುಡೀತಾನೆ,” ಎಂದು ಶುರು ಮಾಡಿದ. “ಅವರ ಪರವಾಗಿ ಮಾತಾಡ್ತೀನಿ ಅಂತ ಒಪ್ಪಿದ್ದೂ ನಿಜ. ಆದ್ರೆ ನಾನು ಇನ್ನೊಂದು ಬೀದಿಗೆ ಹೋಗೋನಲ್ಲ, ಸೋಮಾರಿ. ಬಾಗಿಲು ಹಾಕಿದ್ರೆ ಬೈಕೊಂಡು ಮನೆಗೆ ಬಂದು ಮಲಗ್ತೀನಿ. ತೆಗೆದಿದ್ರೆ ಹೋಗ್ತೀನಿ. ಹೋಗಬಾರದು ಅಂತ ಗೊತ್ತಿರುತ್ತೆ, ಆದ್ರೂ ಹೋಗ್ತೀನಿ.” ಡ್ರೈವರನ ಹೆಂಡತಿ ಕೂತಿದ್ದ ಕಡೆ ತಿರುಗಿದ. “ಕೊಲ್ಲಬೇಕು ಅಂತ ಆ ಡ್ರೈವರೂ ಮನೆಯಿಂದ ಹೊರಟಿರಲಿಲ್ಲ. ಹನ್ನೊಂದರವರೆಗೂ ತೆಗೆದಿಟ್ರೆ ಒಂದಲ್ಲ ಒಂದಿನ ನಾನು ಇವಳನ್ನ ಕೊಂದುಬಿಡ್ತೀನಿ. ನನ್ನ ಕೈಲಿ ಆಗಲ್ಲ. ನೀವೇ ಮುಚ್ಚಿ.”

ಸಾಹುಕಾರ ತನ್ನ ಕಾಲ ಬೆರಳು ನೋಡುತ್ತ ಕೂತ. ಕೊನೆಗೆ ವಾರ್ಡಿನ ಸದಸ್ಯರು, ವಿಷಯವನ್ನು ಮೇಲಿನವರಿಗೆ ಬರೆಯುತ್ತೇವೆ, ಅಲ್ಲಿಂದ ಉತ್ತರ ಬರುವವರೆಗೆ ಎಂಟೇ ಇರಲಿ ಎಂದು ಸಭೆ ಮುಗಿಸಿದರು. ಎಷ್ಟು ದಿನವೋ ಅವರಿಗೂ ಗೊತ್ತಿರಲಿಲ್ಲ.

ಹೊರಗೆ ಬಂದಾಗ ಏಳು ದಾಟಿತ್ತಷ್ಟೆ. ಎದುರಿಗೇ ಅಂಗಡಿಯ ದೀಪ ಉರಿಯುತ್ತಿತ್ತು. ಸಭೆಯಿಂದ ಹೊರಟ ನಾಲ್ಕಾರು ಗಂಡಸರು ನೆಟ್ಟಗೆ ಅತ್ತಲೇ ನಡೆದರು. ಅವನು ಮೆಟ್ಟಿಲಿಳಿಯಲಿಲ್ಲ, ಅಲ್ಲೇ ಕೂತ.

“ಇಲ್ಲೇ ಕೂತ್ಕೋ,” ಎಂದ. ಇಸ್ತ್ರಿಯಕ್ಕ ಕೂತಳು. ಇನ್ನೊಂದು ಪಕ್ಕದಲ್ಲಿ ಅತ್ತೆ ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂತರು. ಅವನು ಎರಡೂ ಕೈಗಳನ್ನು ತೊಡೆಗಳ ನಡುವೆ ಒತ್ತಿಟ್ಟುಕೊಂಡ.

“ನಾನು ಎದ್ದು ಹೊರಟ್ರೆ ಅಂಗಿ ಹಿಡ್ಕೋ. ಬೈದ್ರೂ ಬಿಡಬೇಡ.”

ಅವನು ಏಳುವವರೆಗೂ ಅವಳು ಕಾಯಲಿಲ್ಲ. ಅಂಗಿಯ ತುದಿಯನ್ನು ಆಗಲೇ ಮುಷ್ಟಿಯಲ್ಲಿ ಹಿಡಿದುಕೊಂಡಳು. ನೋಯುವ ಎಡಗೈಯೇ ಅವನ ಪಕ್ಕಕ್ಕಿತ್ತು.

“ಇನ್ನೆಷ್ಟು ಹೊತ್ತಿದೆ?” ಎಂದು ಕೇಳಿದ.

“ಸ್ವಲ್ಪ ಹೊತ್ತು ಅಷ್ಟೇ,” ಎಂದಳು. ಅದು ಸುಳ್ಳು ಎಂದು ಮೂವರಿಗೂ ಗೊತ್ತಿತ್ತು. ಯಾರೂ ಏಳಲಿಲ್ಲ.