ಇಪ್ಪತ್ತಾರೂವರೆ ಓಮ್

ಐಲಾ ನೆಲಮಾಳಿಗೆಯ ಸೌನಾಕ್ಕೆ, ಕಲ್ಲು ಕಾಯಿಸಿ ಬೆವರುವ ಸ್ನಾನದ ಕೋಣೆಗೆ, ಇಳಿದು ಬಂದಾಗ, ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವ ಕೌಕೊ ಆಗಲೇ ಕರೆಂಟಿನ ಒಲೆಯ ಮುಂದೆ ಮಂಡಿಯೂರಿ ಕೂತು, ತಳದ ತಗಡಿನ ಮುಚ್ಚಳದ ತಿರುಪು ಬಿಚ್ಚುತ್ತಿದ್ದ.

"ಬಾ ಮಾರಾಯ್ತಿ. ಸೋಮವಾರ ಹೊರಗಿನ ಮಿಸ್ತ್ರಿ ಬರ್ತಾನೆ. ಬಂದ ಅಂದ್ರೆ ಒಂದು ಮಾತೂ ಕೇಳಲ್ಲ, ಮೂರೂ ಕಾಯಿಲ್ ಕಿತ್ತು ಬಿಸಾಕ್ತಾನೆ. ನೋಡೋದಿದ್ರೆ ಇವತ್ತೇ ನೋಡು."

ಈಸ್ಟರ್ ಕಳೆದಾಗಿನಿಂದ ಒಲೆ ಸರಿಯಾಗಿ ಕಾಯುತ್ತಿರಲಿಲ್ಲ. ವಾಸಾ ಊರಿನ ಆ ಕಟ್ಟಡದಲ್ಲಿ ಹದಿನೆಂಟು ಮನೆ, ಹದಿನೆಂಟು ಮನೆಗೂ ವಾರಕ್ಕೊಂದು ಸರದಿ. ಸರದಿ ಮುಗಿಸಿ ಬಂದವರೆಲ್ಲ ಮೆಟ್ಟಿಲಲ್ಲಿ ಗೊಣಗುತ್ತಿದ್ದರು. ಐಲಾ ಎದುರಾದರೆ ಮಾತ್ರ ಹವಾಮಾನದ ಸುದ್ದಿ ತೆಗೆಯುತ್ತಿದ್ದರು. ಒಲೆ ಕಾಯಿಸುವ ಆ ಮೂರು ಕಾಯಿಲ್‌ಗಳನ್ನು ಮಾರ್ಚ್‌ನಲ್ಲಿ ಹಾಕಿದವನು ಅವಳ ಗಂಡ ತೌನೊ.

ನಲವತ್ತು ವರ್ಷ ಕರೆಂಟಿನ ಕೆಲಸ ಮಾಡಿದವನು ತೌನೊ. ಆದರೆ ಅದೇ ಮಾರ್ಚ್‌ನಲ್ಲಿ ಅವನು ಕಾಫಿ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು, ಹಾಲನ್ನು ಬೀರುವಿನಲ್ಲಿಟ್ಟಿದ್ದ. ಅವಳು ನಕ್ಕಿದ್ದಳು. ಕಟ್ಟಡದವರ ಸಭೆಯಲ್ಲಿ ಯಾರೋ ಹೊರಗಿನವರನ್ನು ಕರೆಸೋಣ ಎಂದಾಗ, "ನಮ್ಮ ತೌನೊ ಇರುವಾಗ ಹೊರಗಿನವರು ಯಾಕೆ?" ಎಂದು ಎದ್ದು ನಿಂತವಳೂ ಅವಳೇ. ಎರಡು ತಿಂಗಳಾದ ಮೇಲೆ ವೈದ್ಯರು ಆ ಮರೆವಿಗೆ ಒಂದು ಹೆಸರು ಕೊಟ್ಟರು. ಈಗ ಅವನು ಆರೈಕೆಯ ಮನೆಯಲ್ಲಿದ್ದ. ಎಷ್ಟೋ ಹೆಸರುಗಳು ಅವನಿಂದ ಉದುರಿಹೋಗಿದ್ದವು, ಆದರೆ ಪ್ರತಿ ಭಾನುವಾರ ಅವಳು ಹೋದ ತಕ್ಷಣ ಒಂದೇ ಪ್ರಶ್ನೆ: "ಒಲೆ ಸರಿ ಇದ್ಯಾ?"

"ಸರಿ ಇದೆ" ಎನ್ನುತ್ತಿದ್ದಳು. ಗೊತ್ತಿಲ್ಲದೆ ಹೇಳುವ ಆ ಎರಡು ಪದಗಳು ವಾರವಿಡೀ ಅವಳ ಎದೆಯಲ್ಲಿ ಕೂತಿರುತ್ತಿದ್ದವು.

ಅಳೆಯಲು ಬಾರದವಳೇನಲ್ಲ. ಮೂವತ್ತೊಂದು ವರ್ಷ ಮೋಟಾರು ಕಾರ್ಖಾನೆಯಲ್ಲಿ, ಸುತ್ತಿದ ತಂತಿಗಳನ್ನು ಪರೀಕ್ಷಿಸುವ ಮೇಜಿನ ಮುಂದೆ ನಿಂತವಳು. ಅಳೆದರೆ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆಗೇ ಇಷ್ಟು ದಿನ ಕರೆಂಟ್ ಅಳೆಯುವ ಮೀಟರನ್ನು ಮುಟ್ಟಿರಲಿಲ್ಲ.

ಕೌಕೊ ಮುಚ್ಚಳ ತೆಗೆದು ಮಗುಚಿದ. ಒಳಮೈಯಲ್ಲಿ ಪೆನ್ಸಿಲಿನಿಂದ ಒಂದರ ಕೆಳಗೊಂದು ಮೂರು ಸಲ ಬರೆದಿತ್ತು: 26.5, 26.5, 26.5.

"ಅಬ್ಬಾ, ಮೂರೂ ಒಂದೇ!" ಎಂದ ಕೌಕೊ.

ಐಲಾ ಮುಚ್ಚಳವನ್ನು ಬೆಳಕಿಗೆ ಹಿಡಿದಳು. ತೌನೊನ ಬರಹದಂತೆಯೇ ಅಂಕಿಗಳು ಬಲಕ್ಕೆ ವಾಲಿದ್ದವು. ಅಳೆದು ಬರೆದನೋ, ಒಂದನ್ನು ಬರೆದು ಮರೆತು ಅದನ್ನೇ ಮತ್ತೆ ಮತ್ತೆ ಬರೆದನೋ?

"ಒಲೆ ಹಾಕು" ಎಂದಳು.

ಮೊದಲ ಕಾಯಿಲ್ಲಿನ ಎರಡು ತುದಿಗಳಿಗೆ ಮೀಟರಿನ ಮುಳ್ಳುಗಳನ್ನು ಮುಟ್ಟಿಸಿದಳು. ಇನ್ನೂರ ಇಪ್ಪತ್ತೆಂಟು ವೋಲ್ಟ್. ಆಮೇಲೆ ಮೀಟರಿನ ಚಿಮಟದ ಬಾಯಿಯನ್ನು ತಂತಿಗೆ ಹಾಕಿದಳು. ಎಂಟು ಪಾಯಿಂಟ್ ಆರು ಆಂಪಿಯರ್. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ತಂತಿಯ ರೋಧ, ಓಮ್ ಲೆಕ್ಕದಲ್ಲಿ. ಕೈಮೇಲೆ ಪೆನ್ನಿನಿಂದ ಲೆಕ್ಕ ಹಾಕಿದಳು. ಇಪ್ಪತ್ತಾರೂವರೆ. ಎರಡನೆಯದರದ್ದೂ ಅಷ್ಟೇ ವೋಲ್ಟ್, ಅಷ್ಟೇ ಆಂಪಿಯರ್. ಇಪ್ಪತ್ತಾರೂವರೆ.

ಮೂರನೆಯದಕ್ಕೂ ವೋಲ್ಟ್ ಅಷ್ಟೇ ಬಂತು. ಚಿಮಟ ಹಾಕಿದಳು. ಸೊನ್ನೆ.

ಮೀಟರ್ ಅಲುಗಾಡಿಸಿ ನೋಡಿದಳು. ಸೊನ್ನೆಯೇ. ಕರೆಂಟ್ ಬಾಗಿಲವರೆಗೆ ಬಂದು ನಿಂತಿದೆ, ಒಳಗೆ ಹರಿಯುತ್ತಿಲ್ಲ. ಹಾಗಾದರೆ ಕೊನೆಯ ಕಾಯಿಲ್ ಜೋಡಿಸುವ ಹೊತ್ತಿಗೆ ತೌನೊನ ಕೈ ಅವನದಾಗಿರಲಿಲ್ಲ. ತಾನು ಪಕ್ಕದಲ್ಲೇ ಇದ್ದೂ ನೋಡಲಿಲ್ಲ.

"ಹೋಗ್ಲಿ ಬಿಡು, ಐಲಾ," ಕೌಕೊ ಮೆತ್ತಗೆ ಹೇಳಿದ. ಆಮೇಲೆ ಬಗ್ಗಿ ನೋಡಿ, "ಅಲ್ಲ, ಆವಾಗ ಒಂದೊಂದೇ ತಂತಿ ಹಿಡಿದೆ, ಈಗ ಯಾಕೆ ಎರಡೂ ತಂತಿ ಒಟ್ಟಿಗೆ ಹಿಡಿದಿದ್ದೀಯ?" ಎಂದ.

ನೋಡಿದಳು. ಹೌದು. ಹೋಗುವ ತಂತಿ, ಬರುವ ತಂತಿ ಎರಡೂ ಚಿಮಟದ ಬಾಯಲ್ಲಿ. ಹಾಗೆ ಹಿಡಿದರೆ ಹೋದದ್ದು ಬಂದದ್ದನ್ನು ಅಳಿಸಿ ಮೀಟರು ಸೊನ್ನೆಯನ್ನೇ ತೋರಿಸಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಮೊದಲ ದಿನವೇ ಅವಳು ಗದರಿ ಕಲಿಸುತ್ತಿದ್ದ ಪಾಠ ಅದು.

"ಮೂವತ್ತೊಂದು ವರ್ಷ ಸಂಬಳ ಕೊಟ್ರಲ್ಲ ನಿಂಗೆ!" ಎಂದ ಕೌಕೊ.

"ಬಾಯ್ಮುಚ್ಚು" ಎಂದು ಒಂದು ತಂತಿಯನ್ನು ಬಿಡಿಸಿದಳು. ಎಂಟು ಪಾಯಿಂಟ್ ಆರು.

ಕೈಮೇಲೆ ಜಾಗ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ವೋಲ್ಟಿಗೆ ಆಂಪಿಯರ್ ಗುಣಿಸಿದರೆ ಒಂದೊಂದಕ್ಕೆ ಸಾವಿರದ ಒಂಬೈನೂರ ಅರವತ್ತು ವಾಟ್; ಮೂರಕ್ಕೆ ಹತ್ತಿರ ಹತ್ತಿರ ಆರು ಸಾವಿರ. ಒಲೆಗೆ ಸಲ್ಲಬೇಕಾದ ಶಕ್ತಿ ಪೂರ್ತಿ ಸಲ್ಲುತ್ತಿತ್ತು. ಅವಳು ಸೌನಾದಲ್ಲಿ ಕೂರುವ ಕೆಳಗಿನ ಹಲಗೆಯ ಮೇಲೆ ಕೂತು ನಗತೊಡಗಿದಳು.

"ಹಂಗಾದ್ರೆ ಕಾಯ್ತಿಲ್ಲ ಯಾಕೆ?" ಕೌಕೊ ತಲೆ ಕೆರೆದುಕೊಂಡ.

ಐಲಾ ಮೊದಲ ಬಾರಿ ಒಲೆಯ ಮೇಲ್ಭಾಗವನ್ನು ನೋಡಿದಳು. ಸಂದೇ ಇಲ್ಲದಂತೆ ಗಿಡಿದು ತುಂಬಿದ ಚಿಕ್ಕ ಚಿಕ್ಕ ಕಲ್ಲುಗಳು. ಬಿಸಿ ಗಾಳಿ ಮೇಲೇರಲು ಬೆರಳಷ್ಟು ಜಾಗವಿಲ್ಲ. "ಈ ಕಲ್ಲು ಜೋಡಿಸಿದ್ದು ಯಾರು?"

ಒಲೆ ಆರಿಸಿ ಕಲ್ಲು ಇಳಿಸುವಷ್ಟರಲ್ಲಿ ಸದ್ದು ಕೇಳಿ ಕೆಳಮನೆಯ ರೌನಿ ಬಂದಳು; ಐಲಾ ಅವಳನ್ನೂ ಅದನ್ನೇ ಕೇಳಿದಳು. "ನಾನೇ. ಈಸ್ಟರ್‌ಗೆ ಎರಡು ಪೆಟ್ಟಿಗೆ ಹೊಸ ಕಲ್ಲು ತಂದು ತುಂಬಿದೆ. ಕಲ್ಲು ಜಾಸ್ತಿಯಾದ್ರೆ ಬಿಸಿ ಜಾಸ್ತಿ ಅಲ್ವಾ?"

"ಅಲ್ಲ," ಎಂದರು ಇಬ್ಬರೂ.

ರೌನಿಯ ಮುಖ ಕೆಂಪಾಯಿತು. "ನಾನು ತೌನೊ ಕೈಯೇ ತಪ್ಪಿರಬೇಕು ಅಂತ ಮೆಟ್ಟಿಲಲ್ಲೆಲ್ಲ ಹೇಳ್ಕೊಂಡು ಬಂದೆ, ಐಲಾ."

"ನಾನೂ ಹಂಗೇ ಅಂದ್ಕೊಂಡಿದ್ದೆ ಕಣೇ," ಎಂದಳು ಐಲಾ. ಹೇಳಿದ ಮೇಲೆ ಅದು ಅಷ್ಟೇನೂ ಭಾರವಿಲ್ಲ ಅನಿಸಿತು. "ಆ ದೊಡ್ಡ ಕಲ್ಲು ಕೊಡು ಇತ್ಲಾಗೆ. ಹೇಳಿದ್ದು ಹೇಳಿದ್ದಾಯ್ತು, ಈಗ ಅದೇ ಮೆಟ್ಟಿಲಲ್ಲಿ ಇದನ್ನೂ ಹೇಳು."

ಭಾನುವಾರ ತೌನೊ ಕಿಟಕಿಯ ಪಕ್ಕ ಕಾಫಿ ಬಟ್ಟಲು ಹಿಡಿದು ಕೂತಿದ್ದ. ಅವಳು ಕೋಟು ಬಿಚ್ಚುವ ಮೊದಲೇ ಕೇಳಿದ. "ಒಲೆ ಸರಿ ಇದ್ಯಾ?"

"ಇಪ್ಪತ್ತಾರೂವರೆ," ಎಂದಳು.

ಅವನ ಹುಬ್ಬು ಮೇಲೇರಿತು. "ಮೂರೂ?"

"ಮೂರೂ."

"ಮತ್ತೆ ನೀನೇನಂದ್ಕೊಂಡಿದ್ದೆ?" ಎಂದು ಅವನು ಬಟ್ಟಲನ್ನು ಅವಳ ಕಡೆ ಸರಿಸಿದ, ಅವಳೂ ಒಂದು ಗುಟುಕು ಕುಡಿಯಲಿ ಎಂದು.