ಕಂಬ ಕಿತ್ತ ಹೊಲದ ಮೇಲೆ ಒಂದು ಸುತ್ತು

ಹೆಲಿಕಾಪ್ಟರಿನಿಂದ ಹೊಲಗಳಿಗೆ ಔಷಧಿ ಹೊಡೆಯುವ ಪೈಲಟ್‌ಗೆ ಕಂಪನಿಯಲ್ಲಿ ಎಲ್ಲರೂ ಇಟ್ಟ ಹೆಸರು ಸುತ್ತಪ್ಪ. ಹೋದ ವಾರವಷ್ಟೇ ಹೊಡೆದ ಹೊಲವಾದರೂ ಸರಿ, ಮೊದಲು ಮೇಲಿನಿಂದ ನಿಧಾನವಾಗಿ ಒಂದು ಸುತ್ತು ಹಾಕಿ, ಕರೆಂಟಿನ ಕಂಬಗಳು ಎಲ್ಲೆಲ್ಲಿವೆ ಎಂದು ನೋಡಿಕೊಂಡೇ ತಗ್ಗಿಗೆ ಇಳಿಯುವ ಮನುಷ್ಯ. ಹಾರುವವನ ಕಣ್ಣಿಗೆ ತಂತಿ ಕಾಣುವುದಿಲ್ಲ. ಕಂಬ ಕಂಡರೆ ನಡುವೆ ತಂತಿ ಇದೆಯೆಂದು ತಿಳಿದುಕೊಳ್ಳಬೇಕು, ಅಷ್ಟೆ. ಅದೇ ಕಂಪನಿಯಲ್ಲಿ ಔಷಧಿ ಕಲಸಿ ಟ್ಯಾಂಕಿಗೆ ತುಂಬುವ ಅವನ ಹೆಂಡತಿ, ಆ ಸುತ್ತು ಮುಗಿಯುವವರೆಗೆ ಖಾಲಿ ಪೈಪು ಹಿಡಿದು ಆಕಾಶ ನೋಡುತ್ತ ನಿಲ್ಲುತ್ತಿದ್ದಳು. ಕಂಪನಿಯ ಯಜಮಾನರಿಗೋ ಆ ಸುತ್ತು ಕಂಡರೆ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು. ಉರಿಯುವ ಎಣ್ಣೆ ಅವರದಲ್ಲವೇ.

ಹೋದ ಹಂಗಾಮಿನಲ್ಲಿ ಸುತ್ತಪ್ಪ ವಿದ್ಯುತ್ ಇಲಾಖೆಗೆ ಹೋಗಿ, ದೊಡ್ಡ ಹೊಲದ ನಡುವೆ ಹಾದ ತಂತಿಯಿಂದ ಜೀವಕ್ಕೆ ಅಪಾಯ, ದೂರಕ್ಕೆ ಕಾಣುವ ಕೆಂಪು ಚೆಂಡುಗಳನ್ನಾದರೂ ಅದಕ್ಕೆ ಕಟ್ಟಿ ಎಂದು ಬೇಡಿಕೊಂಡಿದ್ದ. ಇಲಾಖೆ ಸಭೆಯ ಮೇಲೆ ಸಭೆ ನಡೆಸಿ, ಬಿಸ್ಕತ್ತು ತಿಂದು, ಅಪಾಯದ ಮೂಲ ಕಂಬವೇ ಎಂದು ತೀರ್ಮಾನಿಸಿತು. ಹೊಲದೊಳಗಿನ ಕಂಬಗಳನ್ನೆಲ್ಲ ಕಿತ್ತು, 'ಅಪಾಯಮುಕ್ತ ಹೊಲ' ಎಂಬ ಬೋರ್ಡು ನೆಟ್ಟಿತು. ಉದ್ಘಾಟನೆಗೆ ಸುತ್ತಪ್ಪನೇ ಹಾರಬೇಕಿತ್ತು.

"ನೋಡಯ್ಯಾ, ಇವತ್ತು ನಿನ್ನ ಸುತ್ತು ಗಿತ್ತು ಬೇಡ," ಎಂದರು ಯಜಮಾನರು. "ಕಂಬಾನೇ ಇಲ್ಲ, ಏನನ್ನ ನೋಡ್ತೀಯಾ? ಸೀದಾ ಬಂದು ಅತಿಥಿಗಳ ಮುಂದೆ ತಗ್ಗಲ್ಲಿ ಹೊಡ್ಕೊಂಡು ಹೋಗು. ಸುತ್ತು ಹಾಕಿದ್ಯೋ, ನಾಳೆಯಿಂದ ಮನೇಲೇ ಸುತ್ತು ಹಾಕ್ಕೊಂಡಿರು."

ಹೆಂಡತಿ ಟ್ಯಾಂಕಿನ ಮುಚ್ಚಳ ತಿರುಗಿಸುತ್ತಿದ್ದಳು. "ಏನ್ಮಾಡ್ತೀರಿ?"

"ಕಂಬ ಇಲ್ವಲ್ಲೇ."

"ಇಲ್ಲ, ಸರಿ. ಆ ಗುಡ್ಡದ ಮನೆ ಬಾಗಿಲಲ್ಲಿ ಹಗಲೇ ಬಲ್ಬು ಉರೀತಿದೆ. ಕರೆಂಟು ಅಲ್ಲಿಗೆ ನಡ್ಕೊಂಡು ಹೋಗುತ್ತಾ?"

ಅವನು ಹೆಲಿಕಾಪ್ಟರು ಹತ್ತಿ ಕೂತ. ಹೊಲದ ಅಂಚಿಗೆ ಬಂದಾಗ ಕೆಳಗೆ ಸಾಲು ಕುರ್ಚಿಗಳು, ಮೈಕು, ಹೂಗುಚ್ಛ. ಕೈ ತಗ್ಗಿಗೆ ಎಳೆಯಿತು. ಕೆಲಸ ಹೋದರೆ ಈ ವಯಸ್ಸಿನಲ್ಲಿ ಯಾರು ಕರೆಯುತ್ತಾರೆ? ಹಾಗೆಂದುಕೊಳ್ಳುತ್ತಲೇ ಹೆಲಿಕಾಪ್ಟರನ್ನು ಮೇಲಕ್ಕೆತ್ತಿ ಸುತ್ತಿಗೆ ತಿರುಗಿಸಿದ. ಅಷ್ಟೆತ್ತರದಿಂದ ಯಜಮಾನರ ಮುಖ ಕಾಳಿನಷ್ಟೇ ಕಂಡರೂ ಅದರ ಬಣ್ಣ ಅವನಿಗೆ ಗೊತ್ತಾಯಿತು.

ಅರ್ಧ ಸುತ್ತಿನಲ್ಲಿ ಹಕ್ಕಿಗಳು ಕಂಡವು. ಹೊಲದ ನಟ್ಟನಡುವೆ, ಬರೀ ಗಾಳಿಯಲ್ಲಿ, ಸಾಲಾಗಿ ಕೂತು ನೆಮ್ಮದಿಯಿಂದ ರೆಕ್ಕೆ ಕೆದರಿಕೊಳ್ಳುತ್ತಿದ್ದವು. ಹಕ್ಕಿ ಕೂತಿದೆಯೆಂದರೆ ಅಲ್ಲಿ ತಂತಿ ಇರಲೇಬೇಕು. ಆಗ ಹುಡುಕಿದ: ಎರಡು ಬದಿಯ ಗುಡ್ಡಗಳಲ್ಲಿ, ಮರಗಳ ಮರೆಯಲ್ಲಿ, ಒಂದೊಂದು ಹೊಸ ಕಂಬ. ಅಲ್ಲಿಂದಿಲ್ಲಿಗೆ ಒಂದೇ ಎಳೆತಕ್ಕೆ ಎಳೆದ ತಂತಿ, ಅವನು ಸೀದಾ ಬಂದಿದ್ದರೆ ಸರಿಯಾಗಿ ಅವನ ಕತ್ತಿನ ಮಟ್ಟಕ್ಕೆ.

ಇಳಿದು ಬಂದು ಹೇಳಿದಾಗ ಇಲಾಖೆಯ ಅಧಿಕಾರಿ ಬೇಜಾರುಪಟ್ಟುಕೊಂಡರು. "ತಂತಿ ತೆಗೀರಿ ಅಂತ ನೀವು ಕೇಳಿರ್ಲಿಲ್ವಲ್ರೀ. ಈಗ ಎಷ್ಟು ನೀಟಾಗಿದೆ ನೋಡಿ, ಕಾಣೋದೇ ಇಲ್ಲ."

"ಅದೇ ಸಾರ್ ಕಷ್ಟ."

"ಕಾಣದೇ ಇರೋದಕ್ಕೆ ಯಾಕ್ರೀ ಹೆದರ್ತೀರಾ?"

"ಹಾಗಾದ್ರೆ ಬನ್ನಿ ಸಾರ್, ನನ್ನ ಪಕ್ಕ ಕೂತ್ಕೊಳ್ಳಿ. ಇಬ್ರೂ ಸೀದಾ ಹೋಗ್ಬರೋಣ."

ಅಧಿಕಾರಿಗೆ ತಕ್ಷಣ ಸೊಂಟನೋವು ನೆನಪಾಯಿತು. "ಯಜಮಾನ್ರು ಹೋಗ್ಲಿ," ಎಂದರು.

ಯಜಮಾನರು ಹೆಲಿಕಾಪ್ಟರನ್ನು ನೋಡಿದರು, ಗಾಳಿಯಲ್ಲಿ ಕೂತ ಹಕ್ಕಿಗಳನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು. "ಸುತ್ತು ಹಾಕದೆ ಇಳಿಯೋ ಹಾಗಿಲ್ಲ ಸಾರ್. ಅದು ನಮ್ಮ ಕಂಪನಿ ಪದ್ಧತಿ. ಮೊದಲಿಂದ್ಲೂ ನಾನು ಇವನಿಗೆ ಹೇಳ್ಕೊಂಡೇ ಬಂದಿದ್ದೀನಿ."

ಅಧಿಕಾರಿ ಮೈಕಿನ ಮುಂದೆ ನಿಂತು, ಇಲಾಖೆಯ ಗೌರವಾರ್ಥ ಹೆಲಿಕಾಪ್ಟರು ಪ್ರದರ್ಶಿಸಿದ ಸುತ್ತಿಗೆ ಧನ್ಯವಾದ ಹೇಳಿ, ಟೇಪು ಕತ್ತರಿಸಿದರು. ಚಪ್ಪಾಳೆ ಬಿತ್ತು. ತಂತಿಯನ್ನು ಏನು ಮಾಡುವುದೆಂದು ಮುಂದಿನ ಸಭೆಯಲ್ಲಿ ನೋಡೋಣವೆಂದಾಯಿತು.

ಸುತ್ತಪ್ಪ ತಂತಿಯಿಂದ ಎರಡೂ ಕಡೆ ದೂರ ಬಿಟ್ಟು ಔಷಧಿ ಹೊಡೆದ. ತಂತಿಯ ಕೆಳಗೆ ಉಳಿದ ಉದ್ದನೆಯ ಪಟ್ಟಿಗೆ ಸಂಜೆ ಗಂಡ ಹೆಂಡಿರಿಬ್ಬರೂ ಬೆನ್ನಿಗೆ ಪಂಪು ಕಟ್ಟಿಕೊಂಡು ಇಳಿದರು.

"ಆಕಾಶದಲ್ಲಿ ಹಾರೋನ್ನ ಕಟ್ಕೊಂಡೆ ಅಂತ ನಮ್ಮಕ್ಕನ ಹತ್ರ ಜಂಬ ಕೊಚ್ಕೊಂಡಿದ್ದೆ," ಎಂದಳು ಹೆಂಡತಿ.

"ಈಗ ನೆಲಕ್ಕೆ ಇಳಿದಿದ್ದೀನಲ್ಲೇ."

"ಇಳಿದ್ರಲ್ಲ, ಅದಕ್ಕೇ ಬೈಯೋಕೆ ಸಿಕ್ಕಿದ್ದೀರಿ. ಬಲಗಡೆ ಸಾಲು ಬಿಟ್ರಿ ನೋಡಿ, ಹೊಡೀರಿ."

ಅವನು ತಿರುಗಿ ಬಂದು, ಬಿಟ್ಟ ಸಾಲಿಗೆ ಔಷಧಿ ಹೊಡೆದ.