ಮರಳು ಅಲ್ಲಾಡದಂತೆ

ಸದ್ದು ಹೊರಗೆ ಹೋಗದಿರಲೆಂದು ಅವಳು ಕುಟ್ಟಾಣಿಗೆ ಬಟ್ಟೆ ಸುತ್ತಿಕೊಂಡು ಮೊಟ್ಟೆಯ ಚಿಪ್ಪು ಅರೆಯುತ್ತಿದ್ದಳು. ಚಿಪ್ಪುಗಳನ್ನು ಕುದಿಸಿ, ಒಳಗಿನ ತೆಳುಪೊರೆ ಬಿಡಿಸಿ ಒಣಹಾಕಿದ್ದು ದೊಡ್ಡಪ್ಪ, ಮೊನ್ನೆ. ಇವತ್ತು ಅವರು ನಡುಮನೆಯಲ್ಲಿ ಬಿಳಿ ಬಟ್ಟೆಯ ಕೆಳಗೆ ಮಲಗಿದ್ದರು.

ಪುಡಿ ನುಣ್ಣಗಾದ ಮೇಲೆ ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದು ಚಿಟಿಕೆಯಷ್ಟು ಉದುರಿಸಿದಳು. ನಾಲ್ಕು ಸನ್ಯಾಸಿ ಏಡಿಗಳು, ಬದಲಿಗೆಂದು ಇಟ್ಟಿದ್ದ ಖಾಲಿ ಶಂಖಗಳ ನಡುವಿಂದ, ತಮ್ಮ ತಮ್ಮ ಶಂಖ ಹೊತ್ತುಕೊಂಡು ಮೆಲ್ಲಗೆ ಬಂದವು. ಐದನೆಯದು, ಎಲ್ಲಕ್ಕಿಂತ ದೊಡ್ಡದು, ಮರಳಿನೊಳಗೆ ಇಳಿದು ಇಪ್ಪತ್ತು ದಿನವಾಗಿತ್ತು.

"ಅಣ್ಣನ್ನ ಹೊರಗೆ ತರೋಕೆ ದಾರಿ ಬೇಕಲ್ಲ," ಎಂದರು ಅತ್ತೆ, ಸತ್ತವರ ತಂಗಿ. "ಆ ಪೆಟ್ಟಿಗೆ ಎತ್ತಿ ಹಿತ್ತಲಿಗೆ ಹಾಕಿ. ಹೆಸರಿಗೆ ಸನ್ಯಾಸಿ, ಒಂದೊಂದಕ್ಕೂ ನಾಲ್ಕು ನಾಲ್ಕು ಮನೆ."

ಪೆಟ್ಟಿಗೆ ಅಡ್ಡವಿದ್ದುದರಿಂದ ಬಾಗಿಲು ಅರ್ಧವೇ ತೆರೆಯುತ್ತಿತ್ತು.

"ಒಂಬತ್ತು ವರ್ಷ ಮೈ ಓರೆ ಮಾಡ್ಕೊಂಡೇ ಓಡಾಡಿದೀನಿ," ಎಂದರು ದೊಡ್ಡಮ್ಮ, ಯಾರ ಮುಖವನ್ನೂ ನೋಡದೆ. "ಬೈದ್ರೆ ನಗ್ತಿದ್ರು."

ಇಬ್ಬರು ಗಂಡಸರು ಪೆಟ್ಟಿಗೆಯ ಅಂಚಿಗೆ ಕೈ ಹಾಕಿದರು.

*

ಮೊದಲ ವರ್ಷ ಒಂದು ಏಡಿ ಹೀಗೆಯೇ ಮರಳಿಗಿಳಿದಿತ್ತು. ಎರಡು ವಾರ ಕಾದು, ಸತ್ತಿದೆ ಎಂದುಕೊಂಡು ದೊಡ್ಡಪ್ಪ ಚಮಚದಿಂದ ಬಗೆದರು. ಅದು ಸತ್ತಿರಲಿಲ್ಲ. ಹಳೆಯ ಕವಚ ಕಳಚಿ, ಹೊಸದು ಗಟ್ಟಿಯಾಗದೆ, ಮೆತ್ತಗೆ ಮುದುರಿಕೊಂಡಿತ್ತು. ಮಾರನೆಯ ದಿನ ನಿಜವಾಗಿಯೂ ಸತ್ತಿತು.

ದೊಡ್ಡಪ್ಪ ಆಸ್ಪತ್ರೆಯಲ್ಲಿ ಮುರಿದ ಮೂಳೆಗಳಿಗೆ ಪ್ಲಾಸ್ಟರ್ ಹಾಕುವವರು. "ಒಣಗೋವರೆಗೂ ಅಲ್ಲಾಡ್ಬೇಡಿ ಅಂತ ಊರಿಗೆಲ್ಲ ಹೇಳೋನು, ನಾನೇ ಕಾಯಲಿಲ್ಲ ನೋಡು ಮಗಳೇ," ಎಂದಿದ್ದರು. ಅಂದಿನಿಂದ ಕೆಲಸ ಮುಗಿಸಿ ಬರುವಾಗ ಬೇಕರಿಯಿಂದ ಮೊಟ್ಟೆಯ ಚಿಪ್ಪು ತರತೊಡಗಿದರು. ಕವಚ ಗಟ್ಟಿಯಾಗಲು ಏಡಿಗೂ ಕ್ಯಾಲ್ಸಿಯಂ ಬೇಕು.

ಅವಳು ಶಾಲೆ ಬಿಟ್ಟ ದಿನ ಯಾಕೆಂದು ಕೇಳದೆ ಇದ್ದವರು ಅವರೊಬ್ಬರೇ. ಕುಟ್ಟಾಣಿ ಅವಳ ಮುಂದಿಟ್ಟು, "ನುಣ್ಣಗಾಗ್ಲಿ," ಎಂದಿದ್ದರು, ಅಷ್ಟೇ.

*

"ಎತ್ತಬೇಡಿ."

ಅದು ತನ್ನದೇ ದನಿ ಎಂದು ಅವಳಿಗೆ ತಡವಾಗಿ ಗೊತ್ತಾಯಿತು. ಎಲ್ಲರೂ ತಿರುಗಿದ್ದರು.

"ಕೆಳಗೆ ಒಂದಿದೆ. ಅಲ್ಲಾಡಿದ್ರೆ ಮರಳು ಕುಸಿಯುತ್ತೆ. ಅದಕ್ಕಿನ್ನೂ ಮೈ ಗಟ್ಟಿಯಾಗಿಲ್ಲ."

"ಏಡಿಗೋಸ್ಕರ ನಮ್ಮಣ್ಣ ಮನೇಲೇ ಇರಬೇಕೇನೆ?"

ಅವಳು ಪೆಟ್ಟಿಗೆಯನ್ನು ಎರಡೂ ಕೈಗಳಿಂದ ತಬ್ಬಿಕೊಂಡಳು. ಬಿಡಲಿಲ್ಲ.

ಅಂಗಳದಲ್ಲಿ ನಿಂತಿದ್ದ ಬಡಗಿ ಚಪ್ಪಲಿ ಬಿಟ್ಟು ಒಳಗೆ ಬಂದ. "ಪೆಟ್ಟಿಗೆ ಅಲ್ಲೇ ಇರ್ಲಿ. ಬಾಗಿಲೇ ಬಿಚ್ತೀನಿ." ಬಲಗೈ ಮಣಿಕಟ್ಟು ತಿರುಗಿಸಿ ತೋರಿಸಿದ. "ಇದನ್ನ ಕೂಡಿಸಿದೋರು ಅವರು. ವಾರಕ್ಕೆ ಮೂರು ಸಲ ಮನೆಗೆ ಬರೋರು. ನೋವು ಹೇಗಿದೆ ಅಂತ ಕೇಳೋಕಲ್ಲ, ಕದ್ದು ಉಳಿ ಹಿಡಿದಿದೀನಾ ಅಂತ ನೋಡೋಕೆ."

"ಹಿಡಿದಿದ್ಯಾ?" ಎಂದರು ದೊಡ್ಡಮ್ಮ.

"ಎರಡು ಸಲ. ಎರಡು ಸಲಾನೂ ಸಿಕ್ಕಿಬಿದ್ದೆ."

ದೊಡ್ಡಮ್ಮನ ತುಟಿಯಂಚು ಅಲುಗಿತು. ಬಡಗಿ ಕೀಲುಗಳ ತಿರುಪನ್ನು ಒಂದೊಂದಾಗಿ ಬಿಚ್ಚಿ, ಬಾಗಿಲನ್ನು ಅಂಗಳದ ಗೋಡೆಗೆ ಒರಗಿಸಿದ.

ದೊಡ್ಡಪ್ಪನನ್ನು ಎತ್ತಿದರು. ಹೊತ್ತವರಿಗೂ ಪೆಟ್ಟಿಗೆಗೂ ನಡುವೆ ಗೇಣಷ್ಟು ಜಾಗ ಮಿಕ್ಕಿತ್ತು. ಯಾರ ಮೊಣಕೈಯೂ ತಾಗದಂತೆ ಗಾಜಿಗೆ ಅಂಗೈಗಳನ್ನು ಅಡ್ಡಹಿಡಿದು ನಿಂತವರು ಅತ್ತೆ.

"ಮೆಲ್ಲಗೆ," ಎನ್ನುತ್ತಿದ್ದರು ಅಳುತ್ತಲೇ. "ಮೆಲ್ಲಗ್ರೋ."

ಸಂಜೆ ಎಲ್ಲರೂ ಹೋದ ಮೇಲೆ, ಬಾಗಿಲಿಲ್ಲದ ಬಾಗಿಲಿಂದ ಬೆಳಕು ಗಾಜಿನವರೆಗೂ ಬಂದಿತ್ತು. ಕುಟ್ಟಾಣಿಯ ಪಕ್ಕ, ಚಿಪ್ಪಿನ ಪುಡಿ ತೆಗೆಯುವ ಚಮಚದ ಹಿಡಿಯಲ್ಲಿ ದೊಡ್ಡಪ್ಪನ ಹೆಬ್ಬೆರಳಿನ ಬಿಳಿ ಗುರುತು ಹಾಗೇ ಇತ್ತು. ಅವಳು ಅದನ್ನು ಒರೆಸದೆ ಇಟ್ಟಳು.

ದೊಡ್ಡಮ್ಮ ಬಂದು ಮೊದಲ ಸಲ ಪೆಟ್ಟಿಗೆಯ ಮುಂದೆ ಕೂತರು. ಅಲುಗದ ಮರಳನ್ನು ಬಹಳ ಹೊತ್ತು ನೋಡಿದರು.

"ನೀನಾದ್ರೂ ಎದ್ದು ಬಾರಪ್ಪ," ಎಂದರು.